ನಲವತ್ತರ ಓದಿಕೆ

ಗಂಡ ಇಮಾಮ್‌ಸಾಬ್ ತೀರಿಕೊಂಡು ಅಂದಿಗೆ ನಲವತ್ತು ದಿನ. ಮಸ್ತಾನಮ್ಮ ತುಪ್ಪದನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು, ಮನಸ್ಸೆಲ್ಲ ಜಗಲಿಯ ಮೇಲೆ ಕೂತಿದ್ದ ಮಗನ ಕಡೆಗಿತ್ತು.

"ಅಡುಗೆ ಮಾಡು, ಬಡವ್ರಿಗೆ ಹಾಕು, ಬ್ಯಾಡ ಅನ್ನಲ್ಲ," ಎಂದು ಜಬೀವುಲ್ಲಾ ಹಿಂದಿನ ದಿನವೇ ಹೇಳಿದ್ದ. "ಊಟ ಮುಂದಿಟ್ಟು, ಊದು ಹಾಕಿ ಓದ್ಸಿದ್ರೆ ಮಾತ್ರ ಅದ್ರಾಗೆ ಒಂದು ಅಗುಳೂ ನಾನು ಮುಟ್ಟಲ್ಲಮ್ಮ."

ಹಿರಿಯೂರಿನಲ್ಲಿ ಹಾಸಿಗೆ ಅಂಗಡಿ ಇಟ್ಟ ಮೇಲೆ ಅವನು ಹೊಸ ಜಮಾತಿನವರ ಜೊತೆ ಸೇರಿದ್ದ. ದರ್ಗಾ, ಉರುಸು, ಸತ್ತವರ ಹೆಸರಲ್ಲಿ ಊಟದ ಮುಂದೆ ಕುರಾನಿನ ಓದಿಕೆ, ಇವೆಲ್ಲ ಧರ್ಮಕ್ಕೆ ಆಮೇಲೆ ಅಂಟಿಕೊಂಡ ಕೊಳೆ ಎಂಬುದು ಅವರ ವಾದ. ಗಂಡನಿಗೆ ಓದಿಸದೆ ಇರುವುದು ಮಸ್ತಾನಮ್ಮನಿಂದ ಆಗದು. ಅಪ್ಪನ ಹೆಸರಿನ ಊಟಕ್ಕೆ ಮಗ ಕೂರದಿದ್ದರೆ ಅವಳ ಗಂಟಲಲ್ಲಿ ತುತ್ತು ಇಳಿಯದು.

ಯಲ್ಲದಕೆರೆಯ ಈ ಪಿಂಜಾರರ ಮನೆಗೆ ಮಸೀದಿಯ ಬುಡೇನ್‌ಸಾಬ್ ಹಜರತ್ತರು ಓದಲು ಬರುತ್ತಿದ್ದುದು ಇಂದು ನಿನ್ನೆಯಿಂದಲ್ಲ. ಆಗ ಸೈಕಲ್ ಮೇಲೆ ಬರುತ್ತಿದ್ದರು. ಒಳಗೆ ಹತ್ತಿ ಹಿಂಜುವ ಬಿಲ್ಲು ಝೇಂಕರಿಸುತ್ತಿದ್ದರೆ ಕೂಗುತ್ತಿರಲಿಲ್ಲ. ಇಮಾಮ್‌ಸಾಬ್ ತಾನಾಗಿ ಬಿಲ್ಲು ಕೆಳಗಿಟ್ಟು, ಮೀಸೆಗೆ ಹತ್ತಿದ ಅರಳೆ ಕೊಡವಿಕೊಂಡು ಏಳುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದರು. ಪಕ್ಕದ ಮನೆಯ ಚಂದ್ರಕ್ಕ ಸಕ್ಕರೆ ತಂದರೆ ಅದರ ಮೇಲೂ ಓದಿ, ಜ್ವರ ಬಂದ ಮಗುವಿನ ಹೆಸರು ಕೇಳಿ ಕೊಡುತ್ತಿದ್ದರು. ಕೊನೆಗೆ, ಓದುವಾಗ ಮುಂದಿಟ್ಟಿದ್ದ ತಟ್ಟೆಯ ಅನ್ನವನ್ನು ಮಸ್ತಾನಮ್ಮ ಹಂಡೆಗೆ ಸುರಿದು ಬೆರೆಸುವಳು. ಆಗ ಹಂಡೆಯಷ್ಟೂ ಓದಿದ ಅನ್ನವೇ. ಯಾರಿಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮಧ್ಯಾಹ್ನ ಹಜರತ್ತರು ಬಂದರು. ಕೈ ಹಿಡಿದು ಕರೆತಂದ ಮಸೀದಿ ಕಮಿಟಿಯ ಫಕ್ರುದ್ದೀನ್ ಜಗಲಿ ಹತ್ತುವ ಮೊದಲೇ ಶುರುಮಾಡಿದ.

"ಏನಪ್ಪ ಜಬೀ, ನಿಮ್ಮಪ್ಪನ್ನ ಮಣ್ಣು ಮಾಡಾಕೆ ನಮ್ಮ ಖಬರಸ್ತಾನ ಬೇಕಿತ್ತು, ಓದಾಕೆ ನಮ್ಮ ಹಜರತ್ತು ಬ್ಯಾಡವಾ?"

"ಲೇ ಫಕ್ರು, ಹಸಿವಾದಾಗೆಲ್ಲ ನೀನು ಹಿಂಗೇ," ಎಂದರು ಹಜರತ್ತರು. "ಸುಮ್ಕೆ ಕುಂತ್ಕ."

ಜಬೀವುಲ್ಲಾ ಎದ್ದು ಸಲಾಂ ಹೇಳಿದ. "ನಲವತ್ತನೇ ದಿನಾನೇ ಮಾಡ್ಬೇಕು ಅಂತ ಎಲ್ಲೈತೆ ಹೇಳ್ರಿ ಹಜರತ್."

"ಎಲ್ಲೂ ಇಲ್ಲಪ್ಪ. ಜನ ಸೇರಾಕೆ ಒಂದು ದಿನ ಬೇಕಲ್ಲ, ಹಿರೇರು ಗೊತ್ತು ಮಾಡಿದ್ರು. ಪೈಗಂಬರರ ಕಾಲದಾಗೆ ಒಬ್ರು ತೀರ್ಕೊಂಡ ತಾಯಿ ಹೆಸರಲ್ಲಿ ಬಾವಿ ತೋಡ್ಸಿದ್ರು. ಅದನ್ನ ಒಪ್ತೀಯಾ?"

"ಒಪ್ತೀನಿ."

"ಆ ಪುಣ್ಯ ತಾಯಿಗೆ ಮುಟ್ತು ಅಂತಾನೂ?"

"ಹೂಂ."

"ಹಂಗಾದ್ರೆ ನಮ್ಮಿಬ್ರ ಜಗಳ ಊದಿನ ಹೊಗೇದು, ಅಷ್ಟೇ."

ಜಬೀವುಲ್ಲಾ ನಗಲಿಲ್ಲ. "ಅಷ್ಟೇ ಅಲ್ಲ ಹಜರತ್. ಓದಿದ್ದನ್ನ ತಿನ್ನಾಕೆ ನನ್ನ ಮನಸ್ಸು ಒಪ್ಪಲ್ಲ." ಜಗಲಿಯಲ್ಲೇ ಉಳಿದ.

ಒಳಗೆ ಓದಿಕೆ ನಡೆಯಿತು. ಹಜರತ್ತರ ದನಿ ತೆಳುವಾಗಿತ್ತು, ಇಮಾಮ್‌ಸಾಬನ ಹೆಸರು ಬಂದಾಗ ಒಂದಿಷ್ಟು ನಿಂತು ಮುಂದೆ ಹೋಯಿತು. ಮುಗಿದೊಡನೆ ಮಸ್ತಾನಮ್ಮ ಕಣ್ಣೊರೆಸಿಕೊಂಡು, ರೂಢಿಯಂತೆ ತಟ್ಟೆ ಎತ್ತಿ ಹಂಡೆಯ ಕಡೆ ತಿರುಗಿದಳು.

"ತಡಿಯಮ್ಮ," ಹಜರತ್ತರು ಹಂಡೆಯ ಬಾಯಿಗೆ ಅಂಗೈ ಅಡ್ಡ ಹಿಡಿದರು. "ಬೆರೆಸಬ್ಯಾಡ."

ಫಕ್ರುದ್ದೀನ್ ಬೆಚ್ಚಿಬಿದ್ದ. "ಇದೇನು ಹಜರತ್! ಆ ಹುಡುಗನಿಗೋಸ್ಕರ ಪದ್ಧತಿ ಬಿಡ್ತೀರಾ? ನಾವು ಸೋತ್ವಿ ಅಂತಾರೆ ನಾಳೆ."

"ಅಂದ್ಕಳ್ಳಿ ಬಿಡು. ಓದಿದ್ದು ಇಮಾಮನಿಗೆ ಮುಟ್ಟೈತೆ. ಬೆರೆಸಿದ್ರೇನೇ ಮುಟ್ಟೋದು ಅಂತ ಯಾವ ಕಿತಾಬಲ್ಲೂ ನಾನು ನೋಡಿಲ್ಲ." ಆಮೇಲೆ ಬಾಗಿಲ ಕಡೆ ಕೂಗಿದರು: "ಜಬೀ, ಹಂಡೇದು ಓದಿದ್ದಲ್ಲಪ್ಪ. ನಿಮ್ಮಮ್ಮ ಬೇಯಿಸಿದ ಬರೀ ಅನ್ನ. ಬಾ."

ಮಸ್ತಾನಮ್ಮ ತಟ್ಟೆ ಹಿಡಿದೇ ನಿಂತಳು. ಇಷ್ಟು ವರ್ಷದಲ್ಲಿ ಬೆರೆಸದೆ ಇಟ್ಟದ್ದು ಇದೇ ಮೊದಲು, ಕೈಗೆ ಏನೋ ಕೆಲಸ ಬಾಕಿ ಉಳಿದ ಹಾಗಾಯಿತು.

ಜಬೀವುಲ್ಲಾ ಚೊಂಬು ಹಿಡಿದು ಒಳಗೆ ಬಂದ. ಹಜರತ್ತರ ಕೈಗೆ ನೀರು ಹಾಕಿದ. ಒಂದು ಕ್ಷಣ ತಡೆದು ಫಕ್ರುದ್ದೀನನ ಕೈಗೂ ಹಾಕಿದ. ತಾನೂ ಕೂತ. ತಾಯಿ ಹಂಡೆಯಿಂದ ಬಡಿಸಿದ್ದನ್ನು ತಿನ್ನತೊಡಗಿದ.

"ಉಪ್ಪು ಕಮ್ಮಿ ಐತೆ," ಎಂದ ಫಕ್ರುದ್ದೀನ್.

"ಸರಿಯಾಗೈತೆ," ಎಂದ ಜಬೀವುಲ್ಲಾ, ತಲೆ ಎತ್ತದೆ.

ಮಸ್ತಾನಮ್ಮ ಓದಿದ ತಟ್ಟೆಯಿಂದ ಒಂದು ಹಿಡಿ, ಹಂಡೆಯಿಂದ ಒಂದು ಹಿಡಿ ತನಗೆ ಹಾಕಿಕೊಂಡು, ಕಲಸಿ, ಮಗನ ಪಕ್ಕದಲ್ಲಿ ಕೂತಳು. ಅವನು ನೋಡಿದ. ಅವಳಿಗೆ ಜಾಗ ಬಿಟ್ಟು ಸರಿದುಕೊಂಡ.