ದೂರ ನಿಂತು ಹಿಡಿದ ಬಾಣಬಿರುಸು

ದೀಪಾವಳಿ ಮುಗಿದ ಮೇಲೆ ಎಲ್ಲರ ಮನೆ ಮುಂದೆ ಪಟಾಕಿಯ ಕಾಗದದ ಚೂರುಗಳು ಉಳಿಯುತ್ತವೆ. ಕಲಬುರಗಿಯ ಸೇಡಂ ರಸ್ತೆಯ ದತ್ತಪ್ಪನ ಮನೆಯಲ್ಲಿ ಅದರ ಜೊತೆಗೆ ಒಂದೂವರೆ ಹುಬ್ಬು ಉಳಿದಿತ್ತು. ಮೊದಲು ಎರಡಿದ್ದವು. ಇನ್ನರ್ಧ ಹೂಕುಂಡ ಪಟಾಕಿಯ ಪಾಲಾಗಿತ್ತು.

ದತ್ತಪ್ಪ ನಂದೂರಿನ ತೊಗರಿಬೇಳೆ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುವವನು. ಐವತ್ತು ದಾಟಿದ ಮೇಲೆ ಅವನಿಗೆ ಫೋಟೋದ ಹುಚ್ಚು ಹಿಡಿಯಿತು. ಹಳೆಯ ಕ್ಯಾಮೆರಾ ಒಂದನ್ನು ತಂದು ಗುಬ್ಬಿ ಹಿಡಿದ, ಬೆಕ್ಕು ಹಿಡಿದ, ನಿದ್ದೆಯಲ್ಲಿ ಬಾಯಿ ತೆರೆದ ಮಿಲ್ಲಿನ ಮೇಸ್ತ್ರಿಯನ್ನೂ ಹಿಡಿದ. ಕೊನೆಗೆ ಪಟಾಕಿಯ ಮೇಲೆ ಕಣ್ಣು ಹಾಕಿದ. ಪಟಾಕಿಯೂ ಅವನ ಕಣ್ಣಿನ ಮೇಲೆ ಕಣ್ಣು ಹಾಕಿತು. ಕೂದಲೆಳೆಯಲ್ಲಿ ಪಾರಾದ, ಆ ಕೂದಲು ಹುಬ್ಬಿನದು.

ಇಷ್ಟೆಲ್ಲ ಮಾಡಿ ಸಿಕ್ಕ ಫೋಟೋದಲ್ಲಿ ಏನಿತ್ತು? ಬರೀ ಬಿಳಿ ಹೊಗೆ.

"ಇದು ಪಟಾಕಿನೋ, ಸೊಳ್ಳಿಗಿ ಹೊಗಿ ಬಿಡೋ ಗಾಡಿನೋ?" ಎಂದು ಕೇಳಿದಳು ಹೆಂಡತಿ ಬಂಡೆಮ್ಮ.

ಅಷ್ಟರಲ್ಲಿ ಕಮಲಾಪುರದಿಂದ ಫೋನ್ ಬಂತು. ದತ್ತಪ್ಪನ ತಮ್ಮ ದಿಲೀಪ ಅಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಅವನ ಮಗಳು ಅಂಬಿಕಾಳ ಮದುವೆ ಗೊತ್ತಾಗಿತ್ತು.

"ದೊಡ್ಡಪ್ಪಾ, ಮದುವಿ ದಿನ ಸಂಜಿಗಿ ಅಪ್ಪ ಬಯಲಾಗ ಪಟಾಕಿ ಹಾರಸ್ತಾನಂತ. ನಾವಿಬ್ರೂ ಮುಂದ ನಿಂತಿರಬೇಕು, ಮ್ಯಾಲ ಬೆಳಕಿನ ಹೂವು ಅರಳಿರಬೇಕು. ಅಂಥದೊಂದು ಫೋಟೋ ನನಗ ನೀನೇ ತಗದು ಕೊಡಬೇಕು. ಬ್ಯಾರೆ ಉಡುಗೊರಿ ಏನೂ ಬ್ಯಾಡ."

ದತ್ತಪ್ಪ ಉಬ್ಬಿಹೋದ. ಬಂಡೆಮ್ಮ ಮಾತ್ರ ಒಂದು ಷರತ್ತು ಹಾಕಿದಳು.

"ಹೋಗ್ರಿ, ತಗೀರಿ. ಆದ್ರ ಈ ಸಲ ಒಂದ್ ಕಿಡಿ ಮೈಮ್ಯಾಲ ಬಿತ್ತಂದ್ರ ಆ ಕ್ಯಾಮೆರಾ ಜೋಳದ ಡಬ್ಬಿಯೊಳಗ ಹೋಗ್ತದ. ಮತ್ತ ಹೊರಗ ಬರೂದಿಲ್ಲ."

ಮದುವೆಗೆ ಇನ್ನೂ ಸಮಯವಿತ್ತು. ಒಂದು ಸಂಜೆ ಪಕ್ಕದ ಮನೆಯ ಗೌಸಿಯಾ ದತ್ತಪ್ಪ, ಬಂಡೆಮ್ಮರ ಜೊತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಳು. ಆಕೆ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್.

"ದತ್ತಣ್ಣ, ಅವತ್ತ ಹೂಕುಂಡದಿಂದ ಎಷ್ಟ್ ದೂರ ನಿಂತಿದ್ರಿ?"

"ಒಂದ್ ಮಾರು ದೂರ ಇದ್ನಲ್ಲ."

"ಅದಕ್ಕ ದೂರ ಅನ್ನೂದಿಲ್ರಿ. ಅದಕ್ಕ ಆಮಂತ್ರಣ ಅಂತಾರ."

"ಹಂಗಲ್ಲ ತಂಗಿ. ದೂರ ನಿಂತ್ರ ಸಾಸಿವಿ ಕಾಳಿನಂಗ ಕಾಣ್ತಾವ. ಸನೇಕ ಹೋದ್ರನ ಫೋಟೋ."

ಗೌಸಿಯಾ ಚಹಾದ ಕಪ್ಪು ಕೆಳಗಿಟ್ಟು, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡಳು. ದನಿ ಗಡಸಾಯಿತು, ಮೀಸೆಯೂ ಬಂದಂತಿತ್ತು. "ಏನಿಲ್ರಿ ಸಿಸ್ಟರ್, ಬತ್ತಿ ಹತ್ತಿಲ್ಲಂತ ಸುಮ್ಮ ಬಗ್ಗಿ ನೋಡ್ದೆ." ಮರುಗಳಿಗೆ ಯಾರದೋ ಮನೆಯ ಗಾಬರಿಬಿದ್ದ ಅತ್ತೆಯಾದಳು. "ಉರೀತದ ಅಂದಳ್ರೀ, ಅದಕ್ಕ ಮನ್ಯಾಗಿನ ತುಪ್ಪ ಹಾಕೀವಿ." ಆಮೇಲೆ ಎಳೆಯ ದನಿ. "ನಾ ಹಚ್ಚಿಲ್ರೀ ಆಂಟಿ. ಬರೇ ನೋಡ್ಲಾಕ ನಿಂತಿದ್ದೆ."

ದತ್ತಪ್ಪ ಹೊಟ್ಟೆ ಹಿಡಿದು ನಕ್ಕ. ಗೌಸಿಯಾ ಕೈ ಇಳಿಸಿದಳು. ಅವಳು ನಗುತ್ತಿರಲಿಲ್ಲ.

"ಮೂರೂ ಮಂದಿ ಹೋದ ದೀಪಾವಳಿಗಿ ನಮ್ಮಲ್ಲಿ ಬಂದವ್ರು ಅಣ್ಣಾ. ಅವರೊಳಗ ಒಬ್ರಿಗಿ ಒಂದ್ ಕಣ್ಣು ಹೋಯ್ತು. ಯಾರಿಗಿ ಗೊತ್ತದೇನು? ಬರೇ ನೋಡ್ಲಾಕ ನಿಂತಾಕಿಗಿ."

ದತ್ತಪ್ಪನ ಕೈ ತಾನಾಗಿಯೇ ಅರ್ಧ ಹುಬ್ಬಿನ ಮೇಲೆ ಹೋಯಿತು. ಕೇಳಿದ, "ಹಂಗಾದ್ರ ಅಂಬಿಕಾನ ಫೋಟೋ?"

"ಫೋಟೋದ್ದು ನನಗ ಗೊತ್ತಿಲ್ರಿ. ಆದ್ರ ಚಂದ್ರನ ಫೋಟೋ ತಗಿಯೋರು ಚಂದ್ರನ ಮನಿಗಿ ಹೋಗ್ತಾರೇನು?"

ಆ ಮಾತು ದತ್ತಪ್ಪನ ತಲೆಯೊಳಗೆ ಹೊಕ್ಕಿತು. ಮರುದಿನ ಮಿಲ್ಲಿನಿಂದ ಬಂದವನೇ ಕ್ಯಾಮೆರಾ ಹಿಡಿದು ಮಾಳಿಗೆ ಹತ್ತಿದ. ಪಟಾಕಿ ಇರಲಿಲ್ಲ, ಸೇಡಂ ರಸ್ತೆಯ ಗಾಡಿಗಳ ದೀಪಗಳಿದ್ದವು. ಮೊದಲು ಫ್ಲ್ಯಾಶ್ ಆರಿಸಿದ. ದೀಪಾವಳಿಯಲ್ಲಿ ಅದು ಬೆಳಗಿಸಿದ್ದು ಹೊಗೆಯನ್ನು ಮಾತ್ರ ಎಂದು ಈಗ ಹೊಳೆದಿತ್ತು. ಕ್ಯಾಮೆರಾದ ಕಣ್ಣು ಕೆಲವು ಸೆಕೆಂಡು ತೆರೆದೇ ಇರುವಂತೆ ಇಟ್ಟು ಗುಂಡಿ ಒತ್ತಿದ. ಬಂದದ್ದು ಬೆಳಕಿನ ಜಿಲೇಬಿ. ಮತ್ತೆ ಒತ್ತಿದ, ಮತ್ತೆ ಜಿಲೇಬಿ. ಕೈ ನಡುಗುತ್ತಿತ್ತು.

"ಕ್ಯಾಮೆರಾ ಅಲಗಾಡಬಾರದಲ್ಲ? ನಿಲ್ರಿ," ಎಂದು ಬಂಡೆಮ್ಮ ಅಡುಗೆಮನೆಯಿಂದ ತೊಗರಿಬೇಳೆಯ ಚೀಲ ತಂದು ಮಾಳಿಗೆಯ ಗೋಡೆಯ ಮೇಲಿಟ್ಟಳು. ನಡುವೆ ಗುದ್ದಿ ಕುಳಿ ಮಾಡಿದಳು. ಅದರಲ್ಲಿ ಕ್ಯಾಮೆರಾ ತೊಟ್ಟಿಲ ಕೂಸಿನಂತೆ ಕುಳಿತಿತು. ದತ್ತಪ್ಪ ಟೈಮರ್ ಹಚ್ಚಿ ಕೈ ಹಿಂದೆ ಕಟ್ಟಿ ನಿಂತ. ಈ ಸಲ ಫೋಟೋದಲ್ಲಿ ರಸ್ತೆಯುದ್ದಕ್ಕೂ ಕೆಂಪು ದಾರ ಎಳೆದಂತೆ ಬೆಳಕಿನ ಗೆರೆಗಳು.

ಅಷ್ಟು ದಿನ ಬೇಯದ ದತ್ತಪ್ಪನ ಬೇಳೆ, ಚೀಲದಲ್ಲಿದ್ದುಕೊಂಡೇ ಬೆಂದಿತು.

ಮದುವೆಯ ಸಂಜೆ ಅವನು ಕಮಲಾಪುರದಲ್ಲಿ ಬೇಳೆಚೀಲದ ಸಮೇತ ದಿಲೀಪನ ಮಾಳಿಗೆಯ ಮೇಲಿದ್ದ. ಪಟಾಕಿ ಹಚ್ಚುವ ಬಯಲು ಅಲ್ಲಿಂದ ಸಾಕಷ್ಟು ದೂರ. ಊದಿನಕಡ್ಡಿ ಹಚ್ಚಿ ಗಾಳಿ ಯಾವ ಕಡೆಗೆ ಎಂದು ನೋಡಿದ. ಹೊಗೆ ಬಯಲಿನ ಆಚೆಗೆ ಸರಿಯುತ್ತಿತ್ತು. ಬಂಡೆಮ್ಮ ಬಯಲಿನಲ್ಲಿ ನೀರಿನ ಬಕೆಟ್ಟು, ಮರಳಿನ ಬುಟ್ಟಿ ಇಡಿಸಿ ಬಂದಿದ್ದಳು. ಮಾಳಿಗೆಯ ಅಂಚಿನ ಗೋಡೆಯ ಹತ್ತಿರ ಅಂಬಿಕಾ ಮತ್ತು ಮದುಮಗ ನಿಂತಿದ್ದರು.

ಬಾಣಗಳು ಏರತೊಡಗಿದವು. ದತ್ತಪ್ಪ ಫೋಟೋ ಮೇಲೆ ಫೋಟೋ ತೆಗೆದ. ಆಕಾಶ ಚೆನ್ನಾಗಿ ಬರುತ್ತಿತ್ತು, ಮದುಮಕ್ಕಳು ಮಾತ್ರ ಮಸುಕು. ಇವಳು ಸೆರಗು ಸರಿ ಮಾಡುವಳು, ಅವನು ಏನೋ ಹೇಳುವನು, ಇಬ್ಬರೂ ನಗುವರು.

"ಒಂದೀಟು ಗಟ್ಟಿ ನಿಲ್ರವ್ವಾ. ಪಟಾಕಿ ಮುಗೀಲಾಕ ಬಂದಾವ."

ಬಯಲಿನಲ್ಲಿ ಬಾಣಗಳ ಕೊನೆಯ ದೊಡ್ಡ ಡಬ್ಬಿ ಉಳಿದಿತ್ತು. ದಿಲೀಪ ಅದರ ಬತ್ತಿಗೆ ಬೆಂಕಿ ಮುಟ್ಟಿಸಿ ಹಿಂದೆ ಓಡಿದ. ದತ್ತಪ್ಪ ಟೈಮರ್ ಒತ್ತಿದ. ಡಬ್ಬಿ ಒಂದು ಬಾಣ ಬಿಟ್ಟು ಸುಮ್ಮನಾಯಿತು.

ದಿಲೀಪ ಒಂದು ಕ್ಷಣ ಕಾದ. ಆಮೇಲೆ ಸೀದಾ ಡಬ್ಬಿಯ ಕಡೆ ನಡೆದು, ಅದರ ಬಾಯಿಗೆ ಮುಖ ಬಗ್ಗಿಸತೊಡಗಿದ.

ಬತ್ತಿ ಹತ್ತಿಲ್ಲಂತ ಸುಮ್ಮ ಬಗ್ಗಿ ನೋಡ್ದೆ. ಗೌಸಿಯಾಳ ಆ ಗಡಸು ದನಿ ದತ್ತಪ್ಪನ ಕಿವಿಯಲ್ಲಿ ಮೊಳಗಿತು. ಅವನು ಕ್ಯಾಮೆರಾ ಬಿಟ್ಟು ಗೋಡೆಯ ಇನ್ನೊಂದು ತುದಿಗೆ ಓಡಿದ.

"ದಿಲ್ಯಾ, ಬಗ್ಗಬ್ಯಾಡ! ಹಿಂದ ಸರಿ!"

ಮಿಲ್ಲಿನ ಮಷಿನ್‌ಗಳ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು. ಬಯಲಿನ ಜನರೆಲ್ಲ ನಿಂತಲ್ಲೇ ನಿಂತರು. ಅಂಬಿಕಾ ಮತ್ತು ಮದುಮಗ ಒಬ್ಬರ ಕೈ ಒಬ್ಬರು ಹಿಡಿದು ಬೊಂಬೆಗಳಾದರು. ದಿಲೀಪ ಬೆಚ್ಚಿ ಹಿಂದಕ್ಕೆ ಹಾರಿ, ಇನ್ನೂ ಹಿಂದೆ ಸರಿದ. ಅವನ ಮುಖವಿದ್ದ ಜಾಗದತ್ತಲೇ ಡಬ್ಬಿ ಉಳಿದ ಬಾಣಗಳನ್ನೆಲ್ಲ ಒಟ್ಟಿಗೆ ಉಗುಳಿತು. ಕಮಲಾಪುರದ ಆಕಾಶ ಬಂಗಾರವಾಯಿತು.

ಆಗ ಬೇಳೆಚೀಲದ ಮೇಲಿಂದ 'ಟಕ್' ಎಂದಿತು ಕ್ಯಾಮೆರಾ. ಯಾರ ಕೈಯೂ ಅದರ ಮೇಲಿರಲಿಲ್ಲ.

ದಿಲೀಪ ಮಾಳಿಗೆ ಹತ್ತಿ ಬಂದ. ಅಣ್ಣನ ಭುಜ ಹಿಡಿದು ನಿಂತ. ದತ್ತಪ್ಪ ಅವನಿಗೆ ಕ್ಯಾಮೆರಾ ತೋರಿಸಿದ. ಕೈ ಹಿಡಿದು ನಿಂತ ಎರಡು ಕಪ್ಪು ನೆರಳು, ಕೂದಲೆಳೆಯಷ್ಟೂ ಮಸುಕಿಲ್ಲ. ತಲೆಯ ಮೇಲೆ ತುಂಬಿ ಅರಳಿದ ಬಂಗಾರದ ಹೂವು.

"ದೊಡ್ಡಪ್ಪಾ, ಇದೇ. ನಾ ಕೇಳಿದ್ದು ಇದೇ," ಎಂದಳು ಅಂಬಿಕಾ.

ಬಂಡೆಮ್ಮ ಕಣ್ಣೊರೆಸಿಕೊಂಡು ಗಂಡನ ದನಿಯನ್ನೇ ತೆಗೆದಳು. "ದೂರ ನಿಂತ್ರ ಸಾಸಿವಿ ಕಾಳಿನಂಗ ಕಾಣ್ತಾವ ತಂಗಿ."

"ಜೋಳದ ಡಬ್ಬಿಯೊಳಗ ಜೋಳಾನೇ ಇರ್ಲಿ ಬಿಡು," ಎಂದ ದತ್ತಪ್ಪ.

ಆ ಫೋಟೋ ಈಗ ಮೂರು ಮನೆಗಳ ಗೋಡೆಯ ಮೇಲಿದೆ. ಮೂರನೆಯದು ಗೌಸಿಯಾಳ ಮನೆ.

ಈ ಕಥೆ ಓದಿದ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಮದುವೆ, ಹಬ್ಬ ಬರುತ್ತವೆ. ಪಟಾಕಿ ಹಚ್ಚಿದರೆ ದೂರ ಸರಿಯಿರಿ, ನೋಡಲು ನಿಂತ ಮಕ್ಕಳನ್ನು ಇನ್ನೂ ದೂರ ನಿಲ್ಲಿಸಿ. ಪಕ್ಕದಲ್ಲಿ ನೀರು, ಮರಳು ಇರಲಿ. ಹತ್ತದ ಪಟಾಕಿಗೆ ಮುಖ ಬಗ್ಗಿಸಬೇಡಿ, ಮತ್ತೆ ಬೆಂಕಿ ಹಚ್ಚಬೇಡಿ. ಬಹಳ ಹೊತ್ತು ಬಿಟ್ಟು ನೀರು ಸುರಿಯಿರಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ತುಪ್ಪ, ಎಣ್ಣೆ ಏನನ್ನೂ ಹಾಕಬೇಡಿ. ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ. ಫೋಟೋ ಬೇಕೆಂದರೆ ಮಾಳಿಗೆ ಹತ್ತಿ. ಬೇಳೆಚೀಲ ನಿಮ್ಮ ಅಡುಗೆಮನೆಯಲ್ಲೂ ಇದೆ. ಕ್ಯಾಮೆರಾ ಕೆಟ್ಟರೆ ಇನ್ನೊಂದು ಸಿಗುತ್ತದೆ. ಆ ಫೋಟೋ ನೋಡುವ ಕಣ್ಣನ್ನು ಯಾವ ಅಂಗಡಿಯವನೂ ಮಾರುವುದಿಲ್ಲ.