ಉದ್ದ ಕಂಬಿಯ ಜಾಲರಿ

ಸೈಕಲ್ಲಿನಿಂದ ಬಿದ್ದ ಮೇಲೆ, ನಿಂತಲ್ಲಿ ನಿಲ್ಲದ್ದಕ್ಕೆ ಎಲ್ಲರೂ ಗಿರಗಿಟ್ಲೆ ಎಂದು ಕರೆಯುವ ಹುಡುಗಿ ಮೊದಲು ಮುಟ್ಟಿ ನೋಡಿದ್ದು ಬೆನ್ನ ಮೇಲಿನ ಚೀಲವನ್ನು, ಭುಜವನ್ನಲ್ಲ. ಚೀಲದಲ್ಲಿ ಯಾರ್‍ಯಾರದೋ ರಕ್ತವಿತ್ತು. ಕ್ಲಿನಿಕ್ಕುಗಳಿಂದ ಲ್ಯಾಬಿಗೆ ಟ್ಯೂಬು ಸಾಗಿಸುವ ಸೈಕಲ್ಲಿನವರಿಗೆ ಕಲಿಸುವ ಮೊದಲ ಪಾಠ, ಕುಲುಕಬೇಡ. ಕುಲುಕಿದರೆ ರಕ್ತ ಕೆಡುತ್ತದೆ. ಗಕ್ಕನೆ ಬ್ರೇಕು ಹಿಡಿಯುವಂತಿಲ್ಲ, ಸರಕ್ಕನೆ ಹೊರಳುವಂತಿಲ್ಲ.

ಆಸ್ಪತ್ರೆ ಬೀದಿಯ ತಿರುವಿನಲ್ಲಿ ಮೋರಿಗೆ ಹಾಕಿದ್ದ ಹೊಸ ಕಬ್ಬಿಣದ ಜಾಲರಿ ಅವಳಿಗೆ ಕಂಡಿತ್ತು. ಕಂಬಿಗಳು ರಸ್ತೆಗೆ ಅಡ್ಡವಾಗಿರಲಿಲ್ಲ, ಉದ್ದಕ್ಕಿದ್ದವು. ಬೇರೆ ಯಾರಾದರೂ ಆಗಿದ್ದರೆ ಹ್ಯಾಂಡಲ್ ತಿರುಗಿಸುತ್ತಿದ್ದರು. ಇವಳು ಚೀಲದ ರಕ್ತ ಕುಲುಕೀತೆಂದು ನೇರ ಹೋದಳು. ಮುಂದಿನ ಗಾಲಿ ಸಂದಿಗಿಳಿದು ಸೈಕಲ್ಲು ನಿಂತಿತು, ಇವಳು ನಿಲ್ಲಲಿಲ್ಲ. ಭುಜದ ಮುಂದಿನ ಮೂಳೆ ಎರಡು ತುಂಡು. ಟ್ಯೂಬಿನ ರಕ್ತ ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ.

ವಾರ ತುಂಬುವುದರೊಳಗೆ ಮನೆ ಮುಳ್ಳಾಯಿತು. ಕೂತರೆ ಏಳಬೇಕು, ಎದ್ದರೆ ಕಿಟಕಿಗೆ ಹೋಗಬೇಕು.

"ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೇ ಸುತ್ತುತೀಯ? ಒಂದು ಕಡೆ ಕುಂಡೆ ಊರು," ಎಂದು ಅಮ್ಮ ರೇಗಿದಳು.

"ಮುರಿದಿರೋದು ಭುಜ ಕಣಮ್ಮ, ಕಾಲಲ್ಲ."

ಭಾನುವಾರ ಜೊತೆಯ ಸವಾರರು ನೋಡಲು ಬಂದರು. ಎಲ್ಲರೂ 'ಮಾವ' ಎನ್ನುವ ಹಿರಿಯ, ಅರವತ್ತರ ಹತ್ತಿರದವನು, ತೋಳು ಮಡಿಸಿ ಮೊಣಕೈ ತೋರಿಸಿದ.

"ನಿಂದೇನು ಮಹಾ! ಇದು ನೋಡು. ಕಾರಿನವನು ಬಾಗಿಲು ತೆಗೆದ, ನಾನು ಸೀದಾ ಹೋಗಿ ಅವನ ತೊಡೆ ಮೇಲೆ ಕೂತೆ, ನಾಮಕರಣದ ಕೂಸಿನ ಹಾಗೆ."

"ನನ್ನೆರಡು ಹಲ್ಲು ಆಸ್ಪತ್ರೆ ಬೀದಿಗೇ ದಾನ," ಎಂದ ಇನ್ನೊಬ್ಬ ಸವಾರ, ಬೊಚ್ಚ.

"ಹೊಸ ಜಾಲರಿ ಹತ್ರಾನಾ?" ಎಂದಳು ಗಿರಗಿಟ್ಲೆ.

"ಮತ್ತೆಲ್ಲಿ? ನಮ್ಮ ಸವಾರ ಕುಂಟನ ಮಂಡಿ ಹೋಗಿದ್ದೂ ಅಲ್ಲೇ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಮ್ಮ ಮೂಳೆ ಮುರಿದ ಕತೆಯನ್ನು ತಾವೇ ನಗುತ್ತ ಹೇಳಿಕೊಳ್ಳುವ ಜನ ಇದ್ದರೆ ಮುರಿದವರಿಗೆ ಇನ್ನೇನು ಬೇಕು? ಗಾಯಕ್ಕೆ ಗಾಯ ಹೋಲಿಸಿ ನೋಡಿದರೇ ಹೊರತು, ಬೀಳಿಸಿದ್ದು ಯಾರೆಂದು ಒಬ್ಬರೂ ಕೇಳಲಿಲ್ಲ. ಗಿರಗಿಟ್ಲೆಗೆ ನಗು ಬರಲಿಲ್ಲ.

"ನಾಳೆಯಿಂದ ನಿನ್ನ ದಾರಿ ನಂಗೆ," ಎಂದ ಮಾವ.

ಬಾಗಿಲಿಗೆ ಒರಗಿದ್ದ ಅವನ ಸೈಕಲ್ಲಿನ ಟೈರು ದಾರದಂತೆ ಸಣ್ಣಗಿತ್ತು, ಜಾಲರಿಯ ಸಂದಿಗೆ ಸಲೀಸಾಗಿ ಇಳಿಯುವಷ್ಟು. ಒಮ್ಮೆ ಮುರಿದ ಅವನ ಸೊಂಟ ಇನ್ನೊಮ್ಮೆ ಮುರಿದರೆ ಕೂಡುವುದಿಲ್ಲವೆಂದು ಡಾಕ್ಟರು ಹೇಳಿದ್ದು ಎಲ್ಲರಿಗೂ ಗೊತ್ತಿತ್ತು.

"ಆ ತಿರುವಲ್ಲಿ ನಡುರಸ್ತೆಗೆ ಬಾ ಮಾವ."

"ನಡುರಸ್ತೇಲಿ ಬಸ್ಸು ಬರುತ್ತಲ್ಲೇ! ಅದಕ್ಕಿಂತ ಜಾಲರಿನೇ ವಾಸಿ."

ಸಂಜೆ ತಮ್ಮ ಬಂದ. ರಸ್ತೆ ಇಲಾಖೆಯಲ್ಲಿ ಬೆಸುಗೆಯ ಕೆಲಸ. ಆ ಜಾಲರಿಗಳನ್ನು ಕೂರಿಸಿದವನೂ ಅವನೇ. ಅಕ್ಕ ಬಿದ್ದಂದಿನಿಂದ ಅವನು ಅವಳ ಭುಜದ ಕಡೆ ನೋಡಿರಲಿಲ್ಲ.

"ಅಡ್ಡ ತಿರುಗಿಸಿ ಹಾಕಕ್ಕೆ ಆಗಲ್ವೇನೋ?"

"ಉದ್ದ ಚೌಕಟ್ಟು ಅಕ್ಕ, ತಿರುಗಿಸಿದ್ರೆ ಕೂರಲ್ಲ. ಮೇಲೆ ಅಡ್ಡಪಟ್ಟಿ ಬೆಸೀಬೇಕು."

"ಬೆಸಿ ಮತ್ತೆ."

"ಸಾಹೇಬರಿಗೆ ಹೇಳ್ದೆ. ಪಟ್ಟಿ ಇದ್ರೆ ಎಲೆ ಕಟ್ಟಿ ನೀರು ನಿಲ್ಲುತ್ತಂತೆ, ಕಾರಿನವರು ದೂರು ಕೊಡ್ತಾರಂತೆ."

"ನಾವು ಬಿದ್ರೆ?"

"ಬಿದ್ದೋರು ಯಾರೂ ದೂರು ಕೊಟ್ಟಿಲ್ವಂತೆ." ತಮ್ಮ ತಲೆ ತಗ್ಗಿಸಿದ. "ಕೇಳದೆ ಬೆಸೆದ್ರೆ ಕೆಲಸ ಹೋಗುತ್ತೆ. ಈಗ ಮನೇಲಿ ದುಡಿಯೋ ಕೈ ನಂದೊಂದೇ, ನೋಡು."

ಅದೂ ಸುಳ್ಳಲ್ಲ. ಅವಳು ಮತ್ತೆ ಕಿಟಕಿಗೆ ಹೋದಳು, ಮತ್ತೆ ಬಂದಳು.

ಬೆಳಿಗ್ಗೆ ಅಡುಗೆಮನೆಯ ಕುರ್ಚಿಯನ್ನು ಒಂದೇ ಕೈಯಲ್ಲಿ ಹೊತ್ತು ತಿರುವಿಗೆ ಹೋದಳು. ಕುರ್ಚಿಯ ಕಾಲು ಸಂದಿಗಿಳಿಯದಂತೆ ಜಾಲರಿಯ ಅಂಚಿಗೆ ಹೊಂದಿಸಿ ಕೂತಳು. ಹಾರ್ನುಗಳು ಶುರುವಾದವು.

"ಏನಮ್ಮಾ, ಇದೇನು ನಿಮ್ಮನೆ ಜಗಲಿಯಾ?" ಕಾರಿನವನೊಬ್ಬ ತಲೆ ಹೊರಹಾಕಿದ.

"ಹೌದು, ಇಳೀರಿ. ನಿಮಗೂ ಒಂದು ಕುರ್ಚಿ ತರಿಸ್ತೀನಿ."

ಮಾವ ಬಂದ. "ಏಳೇ ಹುಚ್ಚಿ, ಚೀಲದಲ್ಲಿ ರಕ್ತ ಇದೆ, ತಡ ಆಗುತ್ತೆ."

"ನಿನ್ನ ಮೈಯಲ್ಲಿರೋದು ನೀರಾ? ಇಳಿದು ತಳ್ಕೊಂಡು ಹೋಗು."

ಮಾವ ಇಳಿದ. ಆದರೆ ಹೋಗಲಿಲ್ಲ. ಸೈಕಲ್ಲನ್ನು ಕುರ್ಚಿಯ ಪಕ್ಕ ಅಡ್ಡ ನಿಲ್ಲಿಸಿದ. ಹಿಂದೆ ಬಂದ ಬೊಚ್ಚನೂ ನಿಲ್ಲಿಸಿದ. ಅವರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಇನ್ನೊಂದು ಬಸ್ಸು. ಗಿರಗಿಟ್ಲೆಯ ಮಂಡಿ ನಿಲ್ಲದೆ ಕುಣಿಯುತ್ತಿತ್ತು, ಆದರೂ ಅವಳು ಏಳಲಿಲ್ಲ.

ಕೊನೆಗೆ ಇಲಾಖೆಯ ಗಾಡಿ ಬಂತು. ಇಳಿದವನು ತಮ್ಮ.

"ನಿನ್ನ ಎಬ್ಬಿಸು ಅಂತ ಸಾಹೇಬರು ಕಳ್ಸಿದ್ದಾರೆ."

"ಎಬ್ಬಿಸು, ನೋಡೋಣ."

ತಮ್ಮ ಅಕ್ಕನ ಭುಜದ ಪಟ್ಟಿಯನ್ನು ನೋಡಿದ, ನೋಡುತ್ತಲೇ ನಿಂತ. ಆಮೇಲೆ ಗಾಡಿಗೆ ಹೋಗಿ ಬೆಸುಗೆಯ ಯಂತ್ರವನ್ನೂ ಕಬ್ಬಿಣದ ಪಟ್ಟಿಗಳನ್ನೂ ಇಳಿಸಿದ.

"ಏಳಕ್ಕ."

"ಲೋ, ನಿನ್ನ ಕೆಲಸ?"

"ಎಬ್ಬಿಸು ಅಂದ್ರು. ಹೇಗೆ ಅಂತ ಹೇಳಲಿಲ್ಲ." ಪಟ್ಟಿಯನ್ನು ಕಂಬಿಗಳಿಗೆ ಅಡ್ಡವಿಟ್ಟ. "ಎಲ್ಲರೂ ಆ ಕಡೆ ತಿರುಗಿ, ಬೆಸುಗೆ ಬೆಳಕು ಕಣ್ಣಿಗೆ ಹೊಡೆಯುತ್ತೆ."

ಬಸ್ಸಿನವರೂ ಕಾರಿನವರೂ ಮುಖ ತಿರುಗಿಸಿದರು. ಮೊದಲ ಪಟ್ಟಿ ಕೂರುವ ಹೊತ್ತಿಗೆ ಗಿರಗಿಟ್ಲೆ ಕುರ್ಚಿ ಎತ್ತಿಕೊಂಡು ಬೀದಿಯ ಕೆಳಗೆ, ಇಂಥದೇ ಮುಂದಿನ ಜಾಲರಿಯ ಕಡೆಗೆ ಹೊರಟಾಗಿತ್ತು.