ತಳದ ಮಡಿಕೆಯ ನಂಬರು

ಅಮ್ಮ ಪೆಟ್ಟಿಗೆಯನ್ನು ಮಗುಚಿ ತಳದ ಮಡಿಕೆ ಬಿಚ್ಚಿದಳು. ಅಲ್ಲಿ ಏನೂ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಗಲೂ ಬರೀ ರಟ್ಟು.

ಎದುರಿಗೆ ಕೂತಿದ್ದ ಗೊಂಬೆ ಅಂಗಡಿಯವನು ಶಭಾಷ್‌ಗಿರಿಗೆ ಕಾಯುತ್ತಿದ್ದ. ಹಳೆಯ ಆಟಗಾರರ ಗೊಂಬೆಗಳ ಪ್ರದರ್ಶನ ಇಟ್ಟಿದ್ದೇನೆ ಎಂದು ವಾರದ ಹಿಂದೆ ಈ ಪೆಟ್ಟಿಗೆಯನ್ನು ಎರವಲು ಒಯ್ದಿದ್ದವನು ಈಗ ವಾಪಸು ತಂದಿದ್ದ. ಅವನ ಹತ್ತಿರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಗೊಂಬೆ ಇತ್ತು, ಅದರ ಪೆಟ್ಟಿಗೆ ಇರಲಿಲ್ಲ. ಇವಳ ಹತ್ತಿರ ಪೆಟ್ಟಿಗೆ ಇತ್ತು, ಗೊಂಬೆ ಬೇಕಿರಲಿಲ್ಲ.

ಬೇಕಿರಲಿಲ್ಲ ಎಂದರೆ ಖಂಡಿತ ಬೇಕಿರಲಿಲ್ಲ. ಗುಜರಿ ಅಂಗಡಿ, ಮನೆ ಖಾಲಿ ಮಾಡುವವರ ಅಟ್ಟ ಎಂದು ಒಂಬತ್ತು ವರ್ಷ ಅಲೆದು ಆ ತಂಡದ ಹನ್ನೊಂದು ಪೆಟ್ಟಿಗೆಗಳನ್ನೂ ಕೂಡಿಹಾಕಿದ್ದಳು. ಒಳಗೆ ಗೊಂಬೆ ಸಿಕ್ಕರೆ ಓಣಿಯ ಮಕ್ಕಳ ಪಾಲು. ಹಣ್ಣು ಹಂಚಿ ಸಿಪ್ಪೆ ಜೋಪಾನ ಮಾಡುತ್ತಾಳೆ ನಮ್ಮಮ್ಮ ಎಂದು ಮಗಳು ಸಿಕ್ಕಸಿಕ್ಕವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ, ಅವಳಿಗೇನು ಗೊತ್ತು!

ರಟ್ಟಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಮ್ಮನ ಕೆಲಸ ಗೊಂಬೆ ಕಂಪನಿಗೆ ಇಂಥ ಪೆಟ್ಟಿಗೆ ಮಾಡಿಕೊಡುವುದೇ ಆಗಿತ್ತು. ರಟ್ಟು ಮಡಿಚಬೇಕು, ಅಂಟು ಹಚ್ಚಬೇಕು, ತಳದ ಮಡಿಕೆಯೊಳಗೆ ಪೆನ್ಸಿಲಿನಲ್ಲಿ ತನ್ನ ನಂಬರು ಬರೆಯಬೇಕು. ಪೆಟ್ಟಿಗೆ ಬಾಯಿಬಿಟ್ಟರೆ ಯಾರನ್ನು ಬಯ್ಯಬೇಕೆಂದು ಮೇಸ್ತ್ರಿಗೆ ತಿಳಿಯಲಿ ಎಂದು ಆ ನಂಬರು, ಹೊಗಳುವುದಕ್ಕೇನಲ್ಲ. ಅಲ್ಲಿ ಅವಳನ್ನು ಕರೆಯುತ್ತಿದ್ದುದೂ ಹದಿನೇಳು ಎಂದೇ. ಹದಿನೇಳರ ಒಂದೇ ಒಂದು ಪೆಟ್ಟಿಗೆ ವಾಪಸು ಬಂದದ್ದಿಲ್ಲ. ಕಾರ್ಖಾನೆ ಮುಚ್ಚಿತು, ಮೇಸ್ತ್ರಿ ಸತ್ತ, ಹಾಗೆಂದು ಸಾಕ್ಷಿ ಹೇಳಲು ಈ ಹನ್ನೊಂದೇ ಉಳಿದವು. ಬೇರೆ ನಂಬರಿನವು ಸಿಕ್ಕರೆ ಇದ್ದಲ್ಲೇ ಇಟ್ಟು ಬರುತ್ತಿದ್ದಳು. ಗೋಲ್‌ಕೀಪರನದು ಎಲ್ಲಕ್ಕಿಂತ ಕೊನೆಗೆ, ಹೋದ ವರ್ಷ ಸಿಕ್ಕಿತ್ತು.

"ಇಲ್ಲಿ ಬರೆದಿದ್ದು ಎಲ್ಲಿ ಹೋಯ್ತು?" ಎಂದಳು.

ಅವನ ಮುಖ ಅರಳಿತು. "ಯಾವುದೋ ಮಗು ಗೀಚಿತ್ತಮ್ಮ. ಮೆತ್ತನೆ ರಬ್ಬರ್ ತಂದು ನಾನೇ ಕೂತು ಅಳಿಸಿದೆ. ಒಂದು ಚೂರೂ ಗುರುತು ಉಳಿದಿಲ್ಲ ನೋಡಿ."

ಅಡುಗೆಮನೆಯ ಬಾಗಿಲಿಗೆ ಬಂದ ಮಗಳು, ಇವತ್ತು ಇವನ ಗ್ರಹಚಾರ ಬಿಡಿಸುತ್ತಾಳೆ ಅಮ್ಮ ಎಂದುಕೊಂಡಳು. ಅಮ್ಮ ದನಿ ಏರಿಸಲಿಲ್ಲ. "ಗೀಚಿದ ಮಗು ನಾನೇ" ಎಂದು ಕಾರ್ಖಾನೆಯ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು.

ಪಾಪ, ಅವನು ಪೆಚ್ಚಾದ. ತಪ್ಪಾಯಿತು, ಗೊತ್ತಿರಲಿಲ್ಲ ಎಂದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಯಿ ಕೇಳಬೇಕಲ್ಲ! ಕಲೆಯಿಲ್ಲದ ಪೆಟ್ಟಿಗೆಗೇ ಬೆಲೆ ಜಾಸ್ತಿ, ಇದರಿಂದ ನಿಮಗೆ ಒಳ್ಳೆಯದೇ ಆಯಿತು ಎಂದು ಸಮಾಧಾನಕ್ಕೆ ತೊಡಗಿದ. ಪ್ರದರ್ಶನಕ್ಕೆ ಬಂದವರೆಲ್ಲ ಆಟಗಾರ ಯಾರು, ಕಂಪನಿ ಯಾವುದು ಎಂದು ವಿಚಾರಿಸಿದರಂತೆ. "ಯಾರು ಮಡಿಚಿದ್ರು ಅಂತ ಯಾರೂ ಕೇಳಲ್ಲಮ್ಮ."

ಆ ಮಾತು ನೇರ ಹೋಗಿ ಅಮ್ಮನಿಗೆ ನಾಟಿತು. ಮೇಜಿನ ಡ್ರಾಯರ್ ಎಳೆದು ಕಪ್ಪು ಶಾಯಿಯ ದಪ್ಪ ಪೆನ್ನು ತೆಗೆದಳು. ತಳದ ಮಡಿಕೆ ಮುಚ್ಚಿ, ಪೆಟ್ಟಿಗೆಯ ಮುಖವನ್ನು ಮೇಲೆ ಮಾಡಿ ಇಟ್ಟುಕೊಂಡಳು.

ಅವನು ಕುರ್ಚಿಯಿಂದ ಎದ್ದೇ ಬಿಟ್ಟ. "ಮುಂದ್ಗಡೆ ಬೇಡಮ್ಮ, ಅದೂ ಶಾಯೀಲಿ! ಬೆಲೆನೇ ಹೋಗ್ಬಿಡುತ್ತೆ."

"ಹೋಗ್ಲಿ ಬಿಡಿ. ಯಾರೂ ಕೇಳಲ್ಲ ಅಂದ್ರಲ್ಲ, ಕೇಳದೇ ಇದ್ರೂ ನಾನು ಹೇಳೋಳೇ."

ಕಂಪನಿಯ ಕೆಂಪು ಹೆಸರಿನ ಕೆಳಗೆ, ಅದಕ್ಕಿಂತ ದೊಡ್ಡದಾಗಿ, ಒಂದು ಬರೆದಳು, ಏಳು ಬರೆದಳು. ಏಳರ ಬಾಲ ಚಿತ್ರದಲ್ಲಿದ್ದ ಗೋಲ್‌ಕೀಪರನ ಬೂಟಿನವರೆಗೂ ಇಳಿಯಿತು.

ಅವನು ಹೋದ ಮೇಲೆ ಮಗಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕಪಾಟು ತೆಗೆದು, ಹತ್ತು ಪೆಟ್ಟಿಗೆಗಳನ್ನು ಎರಡೂ ಬದಿಗೆ ಸರಿಸಿ ನಟ್ಟನಡುವೆ ಜಾಗ ಮಾಡಿದಳು. ಮೇಜಿನ ಮೇಲೆ ಶಾಯಿ ಇನ್ನೂ ಹಸಿಯಾಗಿತ್ತು. ಅದು ಆರುವವರೆಗೆ ಇಬ್ಬರೂ ಕಾದು ಕೂತರು.